ಊತ ಇಳಿಸಿದ ಗುಳಿಗೆ

ಗುತ್ತಲಿನ ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವುದಕ್ಕೆ ಮುದ್ದಯ್ಯನದೇ ಕೊನೆಯ ಮಾತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಉಕ್ಕು ತಗ್ಗುವುದನ್ನು ದೂರದಿಂದ ನೋಡಿಯೇ "ಇಳಿಸ್ರಲಾ" ಅನ್ನುತ್ತಿದ್ದ. ಬೆಲ್ಲ ನೋಡಿದ ಕಣ್ಣೇ ಹಲ್ಲಿನ ಕಾಯಿಲೆ ನೋಡುವುದಕ್ಕೂ ಸಾಕು ಅಂದುಕೊಂಡ ಪುಣ್ಯಾತ್ಮ!

ಎರಡನೇ ಮಹಾಯುದ್ಧದ ಕಾಲದಲ್ಲಿ ಅವನಿಗೆ ನ್ಯುಮೋನಿಯಾ ಆಗಿ, ಡಾಕ್ಟರು ಸೋಂಕಿಗೆಂದು ಕೊಟ್ಟ ಸಲ್ಫಾ ಗುಳಿಗೆಗಳು ಒಂದಷ್ಟು ಉಳಿದಿದ್ದವು. ಅಕ್ಕ ಬೀರಮ್ಮನ ದವಡೆಹಲ್ಲು ಹುಳುಕಾಗಿ ಕೆನ್ನೆ ಊದಿದಾಗ ಅವನ್ನೇ ನುಂಗಿಸಿದ. ಊತ ಇಳಿಯಿತು.

"ಮೈಸೂರ್ನಲ್ಲಿ ಹಲ್ಲಿನ ಡಾಕ್ಟ್ರು ಅವ್ರಂತೆ. ಒಂದ್ಸಲ ತೋರ್ಸನೇನ್ಲಾ?" ಅಂದಳು ಬೀರಮ್ಮ.

"ಉಕ್ಕು ತಗ್ಗುದ್ರೆ ಪಾಕ ಬಂದಂಗಲ್ವಾ? ಊತ ಇಳ್ದದೆ, ಕಾಯ್ಲೆ ಓಯ್ತು. ಸುಮ್ಕಿರಕ್ಕ," ಎಂದು ಗದರಿದ.

ತಿಂಗಳೊಳಗೆ ಊತ ಮತ್ತೆ ಎದ್ದು ಗಂಟಲಿಗೂ ಹಬ್ಬಿತು. ಬಾಯಿ ತೆರೆಯಲಾಗದ ಅಕ್ಕನನ್ನು ರೈಲಿನಲ್ಲಿ ಮೈಸೂರಿಗೆ ಕರೆದೊಯ್ದ. ಹಲ್ಲಿನ ಡಾಕ್ಟರು ಕೀವು ತೆಗೆದು ಹಲ್ಲು ಕಿತ್ತರು. ಕೆಲವು ದಿನಗಳ ನಂತರ, ಅವಳು ಚೇತರಿಸಿಕೊಂಡ ಮೇಲೆ, ಗುಳಿಗೆ ನುಂಗಿದ ವಿಷಯ ತಿಳಿದು ಸಿಟ್ಟಿನಿಂದಲೇ ಅವಳನ್ನು ಕೇಳಿದರು:

"ಕೀವು ಇದ್ದದ್ದು ಹಲ್ಲಿನ ಬೇರಿನಲ್ಲಿ. ಗುಳಿಗೆ ಊತ ಇಳಿಸಿತು, ಆದರೆ ಬೇರಿನ ರೋಗ ಹಾಗೇ ಉಳಿಯಿತು. ಗುಳಿಗೆ ಬೇಕೋ ಬೇಡವೋ, ಯಾವುದು, ಎಷ್ಟು ಅಂತ ಹಲ್ಲು ನೋಡಿದ ಡಾಕ್ಟರು ಹೇಳಬೇಕು. ಯಾರಮ್ಮ ಕೊಟ್ಟವರು?"

ಮುದ್ದಯ್ಯ ಹೆಗಲ ಟವಲನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಯಾರೂ ಕೊಡ್ನಿಲ್ಲ ಸ್ವಾಮಿ," ಎಂದಳು ಬೀರಮ್ಮ. "ನಾನೇ ನುಂಗ್ಬುಟ್ಟೆ. ನನ್ ತಮ್ಮ ಬ್ಯಾಡ ಅಂತ್ಲೇ ಅಂದಿದ್ದ."

ಡಾಕ್ಟರು ಮುದ್ದಯ್ಯನ ಕಡೆ ತಿರುಗಿ, "ನೀವಾದರೂ ತಿಳಿದವರು. ಇನ್ನು ಮುಂದೆ ಅಕ್ಕನಿಗೆ ಬುದ್ಧಿ ಹೇಳಿ," ಎಂದರು.

ಅಕ್ಕನ ಮುಖ ನೋಡಲಾರದೆ, ನೆಲ ನೋಡುತ್ತ, ಮುದ್ದಯ್ಯ "ಹೂಂ" ಅಂದ.