ಮೆಟ್ಟಿಲ ಮೇಲೆ ‘ತಾಳು’ ಅನ್ನುವಂತಿಲ್ಲ

ಆ ಊರಿನಲ್ಲಿ ಯಾರೇ ಮನೆ ಬದಲಿಸಲಿ, ಮೊದಲು ಫೋನ್ ಹೋಗುತ್ತಿದ್ದುದು ಬೀರುವಿಗೆ. ಬೀರು ಎಂದರೆ ಬಟ್ಟೆ ಇಡುವ ಬೀರುವಲ್ಲ ಸ್ವಾಮಿ, ಮನುಷ್ಯ. ಸಾಮಾನು ಸಾಗಿಸುವ ಕೆಲಸದವನು. ಬಾಗಿಲಿನಷ್ಟು ಅಗಲದ ಎದೆ, ಇದೆಯೋ ಇಲ್ಲವೋ ಎಂದು ಹುಡುಕಬೇಕಾದ ಕತ್ತು. ಹಾಗಾಗಿ ಆ ಹೆಸರು ಬಿದ್ದಿತ್ತು, ಅವನಿಗೂ ಅದರ ಬಗ್ಗೆ ಬೇಸರವೇನಿರಲಿಲ್ಲ. ಅವನ ಮನೆ ಎಂದರೆ ಒಂದು ಗೋದಾಮಿನ ಪಕ್ಕದ ಎರಡು ಕೋಣೆ. ಕಾಲಿಟ್ಟಲ್ಲೆಲ್ಲ ಹಳೆಯ ಕಂಬಳಿ, ಹಗ್ಗ, ಸಾಮಾನು ಬಿಗಿಯುವ ಅಗಲದ ಪಟ್ಟಿಗಳು. ಮೂಲೆಯಲ್ಲಿ ಹೊಲಿಗೆ ಯಂತ್ರ. ಗಾಜಿನ ಸಾಮಾನಿಗೆ ಸುತ್ತುವ ಹೊದಿಕೆಗಳನ್ನು ಹೆಂಡತಿ ಅದರ ಮೇಲೆಯೇ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು.

ಇವರ ಒಬ್ಬಳೇ ಮಗಳು ಇರುವೆ. ತನಗಿಂತ ದೊಡ್ಡದನ್ನೇ ಎತ್ತುವ ಹಟ ಚಿಕ್ಕಂದಿನಿಂದಲೂ ಇತ್ತು, ಅದಕ್ಕೆ ಅಪ್ಪನೇ ಇಟ್ಟ ಹೆಸರು. ಶಾಲೆಗೆ ರಜೆ ಬಂತೆಂದರೆ ಅಪ್ಪನ ವ್ಯಾನಿನಲ್ಲಿ ಹಾಜರ್. ಮೊದಮೊದಲು ಕಂಬಳಿ ಮಡಿಸುತ್ತಿದ್ದಳು. ಬರುಬರುತ್ತಾ ಕುರ್ಚಿ, ಮೇಜು, ಆಮೇಲೆ ಫ್ರಿಜ್ಜಿನ ಒಂದು ತುದಿ. ಕೊನೆಗೊಂದು ದಿನ ಬೀರು ತನ್ನ ಜೊತೆಗಾರನನ್ನು ಬೇರೆ ಕೆಲಸಕ್ಕೆ ಕಳಿಸಿ ಮಗಳನ್ನೇ ಜೊತೆಗೆ ಹಾಕಿಕೊಂಡ.

ಬೀರುವಿನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಮೆಟ್ಟಿಲ ಮೇಲೆ ಸಾಮಾನು ಹಿಡಿದಾಗ ಬಾಯಿ ಬಿಡುವಂತಿಲ್ಲ. ಅದರಲ್ಲೂ ‘ತಾಳು’ ಅನ್ನಲೇಬಾರದು. ಒಬ್ಬ ತಾಳು ಅಂದರೆ ಇನ್ನೊಬ್ಬನ ಕೈಯೂ ತಾನಾಗಿಯೇ ಸಡಿಲವಾಗುತ್ತದೆ, ಆಗ ಹೊತ್ತ ಸಾಮಾನು ಹೋಗಿ ಕೆಳಗಿದ್ದವನ ಎದೆಯ ಮೇಲೆ ಕೂರುತ್ತದೆ. ಮೆಟ್ಟಿಲು ತಿರುಗುವ ಕಡೆ ಸಮತಟ್ಟಾದ ಜಾಗ ಸಿಗುವವರೆಗೆ ಹಲ್ಲು ಕಚ್ಚಿಕೊಂಡಿರಬೇಕು, ಅಷ್ಟೇ. “ಸುಸ್ತಾಯ್ತು ಅನ್ನೋದು ನೆಲದ ಮೇಲೆ ನಿಂತು ಆಡೋ ಮಾತು,” ಎಂದು ಅವನು ಮಗಳಿಗೆ ಹೇಳಿದ್ದ. ಮಗಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಒಮ್ಮೆ ಕಬ್ಬಿಣದ ಮಂಚ ಉಗುರಿನ ಮೇಲೆ ಬಿದ್ದರೂ ಕೆಳಗೆ ಬರುವವರೆಗೆ ಕಮಕ್ ಕಿಮಕ್ ಅನ್ನಲಿಲ್ಲ. ಅವತ್ತು ಬೀರುವಿಗೆ ಎದೆಯುಬ್ಬಿತು. ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡು ಚೆನ್ನಾಗಿ ಬೈಸಿಕೊಂಡ.

ಇರುವೆಗೆ ಸೈನ್ಯ ಸೇರುವ ಹುಚ್ಚು ಹಿಡಿದದ್ದೂ ಸಾಮಾನು ಸಾಗಿಸುವಾಗಲೇ. ಪರ್ವತ ದಳದ ಒಬ್ಬ ಕ್ಯಾಪ್ಟನ್ ಮನೆ ಖಾಲಿ ಮಾಡುತ್ತಿದ್ದರು, ಹೆಂಗಸು. ಪರ್ವತ ದಳವೆಂದರೆ ಸೈನ್ಯದಲ್ಲೇ ಆರಿಸಿ ತೆಗೆದವರ ಪಡೆ. ಹಿಮದಲ್ಲಿ, ಬಂಡೆಯಲ್ಲಿ, ಬೇರೆಯವರು ಕೈ ಚೆಲ್ಲಿ ಕೂತ ಕಡೆ ಇವರನ್ನು ಇಳಿಸುತ್ತಾರೆ. ಆ ಕ್ಯಾಪ್ಟನ್ ತಮ್ಮ ಪುಸ್ತಕದ ಪೆಟ್ಟಿಗೆಯ ಒಂದು ತುದಿ ತಾವೇ ಹಿಡಿದರು. ಇನ್ನೊಂದು ತುದಿಯಲ್ಲಿದ್ದ ಇರುವೆಯನ್ನು ಕೆಳಗೆ ಇಳಿಯುವಷ್ಟರಲ್ಲಿ ಅಳೆದುಬಿಟ್ಟು, “ಹದಿನೆಂಟು ತುಂಬಿದ ಮೇಲೆ ನಮ್ಮ ಕಡೆ ಬಾ,” ಅಂದರು. ಆ ಮಾತನ್ನು ಅವರು ವ್ಯಾನ್ ಹೊರಡುವ ಮೊದಲೇ ಮರೆತಿರಬಹುದು. ಇರುವೆ ಮಾತ್ರ ಮರೆಯಲಿಲ್ಲ.

“ಗಂಡಸರೇ ಅತ್ತುಕೊಂಡು ವಾಪಸ್ ಬರೋ ಜಾಗ ಅಂತೆ ಅದು,” ತಾಯಿ ಮೂಗು ಮುರಿದಳು.

“ಅವರಿಗೆ ಅಪ್ಪ ಕೆಲಸ ಕಲಿಸಿರಲ್ಲ ಬಿಡಮ್ಮ,” ಅಂದಳು ಮಗಳು. ಬೀರು ಗೋಡೆಯ ಕಡೆ ತಿರುಗಿ ನಕ್ಕ. ಆ ನಗುವಿಗೂ ಬೈಸಿಕೊಂಡ.

ಬಸ್ ಡಿಪೋ ಹಿಂದಿನ ಗುಡ್ಡದಲ್ಲಿ ಒಬ್ಬ ನಿವೃತ್ತ ಸೈನಿಕರು ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದ್ದರು. ಕತ್ತಿನಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು, ಊದಿದ್ದನ್ನು ಯಾರೂ ಕೇಳಿರಲಿಲ್ಲ. ಅವರ ಗಂಟಲಿಗೆ ಅದರ ಅಗತ್ಯವೇ ಇರಲಿಲ್ಲ. ಎಲ್ಲರೂ ಸೀಟಿ ಮೇಷ್ಟ್ರು ಅನ್ನುತ್ತಿದ್ದರು. ಅವರು ಹೂಂ ಅಂದರೆ ಮಾತ್ರ ದಳದ ಆಯ್ಕೆಗೆ ಹೋಗಬಹುದು, ಅವರು ಒಲ್ಲೆ ಅಂದರೆ ತಲೆ ಮೇಲೆ ತಲೆ ಬಿದ್ದರೂ ಆಗದು. ಹದಿನೆಂಟು ತುಂಬುತ್ತಲೇ ಇರುವೆ ಬೆಳಗಿನ ತಂಡ ಸೇರಿದಳು. ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಗುಡ್ಡ ಹತ್ತಬೇಕು, ಚಳಿ ಕೊರೆಯುವ ಕೆರೆಯಲ್ಲಿ ಈಜಬೇಕು. ನಡುಗುತ್ತಾ ದಡಕ್ಕೆ ಬಂದವರಿಗೆ ಮೇಷ್ಟ್ರು ಲೆಕ್ಕ ಕೊಡುತ್ತಿದ್ದರು, ನಕ್ಷೆ ತೋರಿಸಿ ದಾರಿ ಹೇಳಿ ಅನ್ನುತ್ತಿದ್ದರು. ಮೈ ಸೋತಾಗಲೂ ತಲೆ ಓಡಬೇಕು ಎಂಬುದು ಅವರ ಪಾಠ.

ಅವರ ಹತ್ತಿರ ಇನ್ನೊಂದು ಅಸ್ತ್ರವಿತ್ತು. “ಇದೇ ಕೊನೇ ಸುತ್ತು,” ಎಂದು ಓಡಿಸಿ, ಎಲ್ಲರೂ ಮುಗಿಸಿ ಮೊಣಕಾಲು ಹಿಡಿದು ನಿಂತಾಗ, “ಇನ್ನೊಂದು,” ಅನ್ನುತ್ತಿದ್ದರು. ಗಟ್ಟಿಮುಟ್ಟಾದ ಹುಡುಗರೂ ಆ ಒಂದು ಮಾತಿಗೆ ಕುಸಿದು ಕೂತು ಅತ್ತಿದ್ದುಂಟು. ಇರುವೆ ಮಾತ್ರ ಕಿಸಕ್ಕನೆ ನಕ್ಕುಬಿಟ್ಟಳು.

“ಏನಮ್ಮ, ತಮಾಷೆಯಾಗಿದ್ಯಾ?” ಮೇಷ್ಟ್ರು ಗುಡುಗಿದರು.

“ಇಲ್ಲ ಸರ್. ನಮ್ಮ ಗಿರಾಕಿಗಳೂ ಹೀಗೇ. ಎಲ್ಲಾ ಮುಗೀತು ಅನ್ನೋವಾಗ ‘ಇನ್ನೊಂದೇ ಒಂದು ಚಿಕ್ಕ ಸಾಮಾನಿದೆ’ ಅಂತ ಬಾಗಿಲು ತೆಗೀತಾರೆ. ಒಳಗೆ ಪಿಯಾನೋ ಇರತ್ತೆ.”

ಮೇಷ್ಟ್ರು ಅವಳಿಗೆ ಎರಡು ಸುತ್ತು ಹೆಚ್ಚು ಕೊಟ್ಟರು. ಆದರೆ ಸಂಜೆ ಬೀರುವಿನ ಗೋದಾಮಿಗೆ ಬಂದು, “ನಿನ್ನ ಮಗಳ ತಲೆ ಗಟ್ಟಿಯಿದೆ ಕಣಯ್ಯ,” ಎಂದು ಹೇಳಿ ಹೋದರು. ಬೀರು ಆ ಮಾತನ್ನು ವ್ಯಾನಿನಲ್ಲಿ ಒಬ್ಬನೇ ಇದ್ದಾಗ ಜೋರಾಗಿ ಹೇಳಿ ನೋಡಿಕೊಂಡ.

ಎಡವಟ್ಟಾದದ್ದು ಆಯ್ಕೆಗೆ ಸ್ವಲ್ಪ ದಿನ ಮುಂಚೆ, ಡೋಲಿ ಹೊರುವ ಅಭ್ಯಾಸದಲ್ಲಿ. ಗಾಯಗೊಂಡವರನ್ನು ಬೆಟ್ಟದಿಂದ ಇಳಿಸುವುದು ಆ ದಳದ ದೊಡ್ಡ ಪರೀಕ್ಷೆ. ಡೋಲಿಯ ಮೇಲೆ ಮರಳು ತುಂಬಿದ ಆಳೆತ್ತರದ ಗೊಂಬೆ, ಹೊರಲು ನಾಲ್ವರು, ಪಕ್ಕದಲ್ಲಿ ಖಾಲಿ ಕೈಯಲ್ಲಿ ನಡೆಯುವ ನಾಲ್ವರು. ಕೈ ಸೋಲುತ್ತಿದೆ ಅನ್ನಿಸಿದ ಕೂಡಲೇ ‘ಬದಲಿ’ ಎಂದು ಕೂಗಬೇಕು, ಪಕ್ಕದವರು ಬಂದು ಹಿಡಿಯುತ್ತಾರೆ. ಮರಳಿನ ಚೀಲಗಳನ್ನು ಗುಡ್ಡಕ್ಕೆ ತಂದುಕೊಟ್ಟವನು ಬೀರುವೇ. ಮಗಳು ಹೊರುವುದನ್ನು ನೋಡಿಯೇ ಹೋಗೋಣವೆಂದು ವ್ಯಾನಿಗೆ ಒರಗಿ ನಿಂತಿದ್ದ.

ಇಳಿಜಾರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬದಲಿ ಕೂಗಿ ಬಿಟ್ಟುಕೊಟ್ಟರು. ಇರುವೆ ಕೂಗಲಿಲ್ಲ. ಪಕ್ಕದಲ್ಲಿದ್ದ ಲಂಬೂ ಎಂಬ ಉದ್ದನೆಯ ಹುಡುಗ, “ಬದಲಿ ಬೇಕೇನೇ?” ಎಂದು ಮತ್ತೆ ಮತ್ತೆ ಕೇಳಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ತುಟಿ ಬಿಗಿದಿತ್ತು, ಕಣ್ಣು ಕೆಳಗಿನ ಸಮತಟ್ಟಾದ ಜಾಗದ ಮೇಲೆ ನೆಟ್ಟಿತ್ತು. ಆ ಮುಖ ಬೀರುವಿಗೆ ಚೆನ್ನಾಗಿ ಗೊತ್ತಿತ್ತು. ‘ಶಭಾಷ್ ಮಗಳೇ’ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ಅವಳ ಬೆರಳು ಬಿಟ್ಟುಹೋಯಿತು. ಡೋಲಿ ವಾಲಿತು, ಗೊಂಬೆ ಉರುಳಿ ಬಂಡೆಗೆ ಬಡಿದು ತಲೆ ಒಡೆದು ಮರಳು ಸುರಿಯಿತು.

ಸೀಟಿ ಮೇಷ್ಟ್ರು ಕೂಗಾಡಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

“ಇವನ ತಾಯಿಗೆ ಯಾರು ಹೇಳ್ತೀರಿ?” ಅಂದರು, ತಲೆಯೊಡೆದ ಗೊಂಬೆಯ ಕಡೆ ಬೆರಳು ತೋರಿಸಿ. “ನೀನೇ ಹೇಳ್ತೀಯಾ? ಪಕ್ಕದಲ್ಲೇ ಜನ ಇದ್ರು, ಆದ್ರೆ ಕೇಳೋಕೆ ನನಗೆ ಅವಮಾನ ಆಯ್ತು ಅಂತ?”

“ಅವಮಾನ ಅಲ್ಲ ಸರ್...”

“ಮತ್ತೇನು?”

ಉತ್ತರ ಗೊತ್ತಿದ್ದವನು ವ್ಯಾನಿಗೆ ಒರಗಿ ನಿಂತು ಬೆವರುತ್ತಿದ್ದ. “ಶಕ್ತಿ ಇರೋರು ಬೇಕಾದಷ್ಟು ಜನ ಸಿಗ್ತಾರೆ,” ಅಂದರು ಮೇಷ್ಟ್ರು. “ಕೇಳೋಕೆ ಬರದವಳನ್ನ ನಾನು ಆಯ್ಕೆಗೆ ಕಳಿಸಲ್ಲ. ಮನೆಗೆ ಹೋಗು.”

ವಾಪಸ್ ಬರುವಾಗ ವ್ಯಾನಿನಲ್ಲಿ ಬೀರು ದಾರಿಯುದ್ದಕ್ಕೂ ಮೇಷ್ಟ್ರನ್ನು ಬೈದ. ಇಷ್ಟು ವರ್ಷ ಒಂದು ಲೋಟ ಒಡೆದವನಲ್ಲ ನಾನು, ಮೆಟ್ಟಿಲು ಗೊತ್ತೇನು ಆ ಮನುಷ್ಯನಿಗೆ, ಹಾಗೆ ಹೀಗೆ. ಮನೆಯಲ್ಲೂ ಬೈಗುಳ ಮುಂದುವರಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು.

“ರೀ, ಒಂದು ಮಾತು ಹೇಳ್ಲಾ? ರಾತ್ರಿ ಮೈಗೆ ಎಣ್ಣೆ ಹಚ್ಚೋಳು ನಾನು. ನಿಮ್ಮ ಬಲಗೈ ಭುಜದಿಂದ ಮೇಲೆ ಏಳಲ್ಲ ಅಂತ ನನಗೆ ಗೊತ್ತು. ಮಗಳಿಗೆ ಗೊತ್ತಾ?”

ಆ ರಾತ್ರಿ ಬೀರುವಿಗೆ ಊಟ ಸೇರಲಿಲ್ಲ. ಮಗಳ ದಾರಿಗೆ ಅಡ್ಡ ನಿಂತದ್ದು ಮೇಷ್ಟ್ರಲ್ಲ, ತಾನೇ ಕಲಿಸಿದ ಪಾಠ ಎಂಬುದು ಅವನಿಗೆ ಅರ್ಥವಾಗಿತ್ತು. ಕಲಿಸುವುದಾದರೂ ಸುಲಭ, ಕಲಿಸಿದ್ದನ್ನು ಬಿಡಿಸುವುದು ಹೇಗೆ? ಬಾಯಲ್ಲಿ ಹೇಳಿದರೆ ಆ ಹುಡುಗಿ ಕೇಳುವವಳಲ್ಲ, ಇಷ್ಟು ವರ್ಷವೂ ಅವಳು ಅಪ್ಪನ ಬಾಯಿ ನೋಡಿ ಕಲಿತವಳಲ್ಲ, ಕೈ ನೋಡಿ ಕಲಿತವಳು.

ಮಾರನೆಯ ದಿನದ ಕೆಲಸ ಒಬ್ಬ ಹಲ್ಲಿನ ಡಾಕ್ಟರದು. ಕ್ಲಿನಿಕ್ ಮೂರನೇ ಮಹಡಿಯಿಂದ ಬೇರೆ ಬೀದಿಗೆ ಹೋಗುತ್ತಿತ್ತು. ರೋಗಿಗಳು ಒರಗುವ ಆ ದೊಡ್ಡ ಕುರ್ಚಿಯ ಬುಡ ಅಪ್ಪಟ ಕಬ್ಬಿಣ. ಅಪ್ಪ ಕೆಳಗಿನ ತುದಿ, ಮಗಳು ಮೇಲಿನ ತುದಿ. ಡಾಕ್ಟರು ಹಿಂದೆಯೇ “ಹುಷಾರು, ಹುಷಾರು” ಎಂದು ಮಂತ್ರ ಹೇಳುತ್ತಾ ಬಂದರು. ಮೆಟ್ಟಿಲು ಅರ್ಧ ಇಳಿದಾಗ, ಬೀರು ಜನ್ಮದಲ್ಲಿ ಆಡದ ಮಾತು ಆಡಿದ.

“ತಾಳು.”

ಇರುವೆ ಕಲ್ಲಾದಳು. “ಅಪ್ಪಾ! ಏನಾಯ್ತು? ಎದೆ ನೋವಾ?”

“ಎದೆನೂ ಇಲ್ಲ, ಗಿದೆನೂ ಇಲ್ಲ. ಕೈ ಸೋತಿದೆ. ಪಟ್ಟೀನ ಮೆಟ್ಟಿಲ ಕಂಬಿಗೆ ಸುತ್ತು.”

ಅವಳು ಸುತ್ತಿದಳು. ಕುರ್ಚಿ ಮೆಟ್ಟಿಲ ಮೇಲೆ ಕೂತಿತು, ಅಪ್ಪನೂ ಪಕ್ಕದಲ್ಲಿ ಕೂತ. ಮಗಳಿಗೆ ಪಾಠ ಮಾಡಲೆಂದು ಆಡಿದ ಮಾತು ಅದು, ನಾಟಕ. ಆದರೆ ಕೂತ ಮೇಲೆ ನೋಡಿಕೊಂಡರೆ ಬಲಗೈ ನಿಜವಾಗಿಯೂ ಗಡಗಡ ನಡುಗುತ್ತಿತ್ತು, ನಿಲ್ಲಿಸಲು ಎಡಗೈಯಲ್ಲಿ ಹಿಡಿದುಕೊಂಡರೂ ನಿಲ್ಲಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಯಾವಾಗಿಂದ ಅಪ್ಪಾ?”

“ಬಹಳ ದಿನದಿಂದ.”

“ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಕೆಳಗಿನ ತುದಿ ಹಿಡೀತಿದ್ದೆ!”

“ಅದನ್ನೇ ಕಣಮ್ಮ ನಿನ್ನೆ ಮೇಷ್ಟ್ರು ನಿನ್ನ ಕೇಳಿದ್ದು.”

ಅವಳು ಅಪ್ಪನ ಕೈಯನ್ನು ನೋಡುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ತುದಿ ಬದಲಿಸಿಕೊಂಡರು. ಮುಂದಿನ ಮೆಟ್ಟಿಲ ಸಾಲಿನಲ್ಲಿ ಬೀರು, “ಈಗ ನೀನು ಹೇಳು,” ಅಂದ. ಅವಳು ಬಾಯಿ ತೆಗೆದಳು, ಮಾತು ಹೊರಡಲಿಲ್ಲ. ಮುಖ ಕೆಂಪಗಾಯಿತು. ಮಂಚ ಉಗುರಿನ ಮೇಲೆ ಬಿದ್ದಾಗ ಬಾರದ ನೀರು ಈಗ ಕಣ್ಣಲ್ಲಿ ಬಂತು. ಕೊನೆಗೆ ಇಲಿಮರಿಯ ದನಿಯಲ್ಲಿ “ತಾಳು” ಅಂದಳು.

“ಕೇಳಿಸ್ಲಿಲ್ಲ.”

“ತಾಳು ಅಂದೆ! ತಾಳು!” ಕಟ್ಟಡಕ್ಕೆಲ್ಲ ಕೇಳಿಸಿತು.

“ಇವತ್ತು ಕೆಳಗೆ ಇಳಿಸ್ತೀರಾ?” ಡಾಕ್ಟರು ಮೇಲಿಂದ ಕೇಳಿದರು. “ಇಲ್ಲಾಂದ್ರೆ ಹೇಳಿ, ಮೆಟ್ಟಿಲ ಮೇಲೇ ಬೋರ್ಡ್ ಹಾಕ್ಕೊಂಡು ಹಲ್ಲು ಕೀಳ್ತೀನಿ.” ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕುರ್ಚಿ ಇಳಿಸಿದಷ್ಟು ನಿಧಾನವಾಗಿ ಬೀರು ಯಾವ ಸಾಮಾನನ್ನೂ ಇಳಿಸಿರಲಿಲ್ಲ. ಒಂದು ಗೀರೂ ಬೀಳಲಿಲ್ಲ.

ಸಂಜೆ ಬೀರು ಗುಡ್ಡಕ್ಕೆ ಹೋಗಿ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ. “ತಪ್ಪು ಅವಳದಲ್ಲ ಸರ್, ನಂದು. ಕೇಳ್ಬೇಡ ಅಂತ ಕಲಿಸಿದ್ದೇ ನಾನು. ಒಂದು ಸಲ ಹೊರಿಸಿ ನೋಡಿ.” ಅಷ್ಟು ದೊಡ್ಡ ಶರೀರ ಅಷ್ಟು ಸಣ್ಣಗೆ ನಿಂತದ್ದನ್ನು ಮೇಷ್ಟ್ರು ನೋಡಿರಲಿಲ್ಲ. ಬರಲಿ ಅಂದರು. ಮರುದಿನ ಇರುವೆ ಡೋಲಿ ಹೊತ್ತು, ಕೈ ಸೋಲುವ ಮೊದಲೇ “ಬದಲಿ!” ಎಂದು ಕೂಗಿದ ರಭಸಕ್ಕೆ ಲಂಬೂ ಬೆಚ್ಚಿಬಿದ್ದ. ಒಂದು ಗುಕ್ಕು ಉಸಿರೆಳೆದುಕೊಂಡು ಅವಳು ಮತ್ತೆ ಬಂದು ಹಿಡಿದಳು, ಮತ್ತೆ ಕೂಗಿದಳು, ಮತ್ತೆ ಹಿಡಿದಳು. ಡೋಲಿ ಎಲ್ಲೂ ನೆಲ ಮುಟ್ಟಲಿಲ್ಲ. ಮೇಷ್ಟ್ರು ಹೂಂ ಅಂದರು.

ಆಯ್ಕೆ ನಡೆಯುವುದು ಬೆಟ್ಟದ ಬುಡದ ಶಿಬಿರದಲ್ಲಿ. ಇರುವೆಯೂ ಲಂಬೂವೂ ಅಲ್ಲಿಗೆ ಹೋದರು. ಒಳಗೆ ಏನು ಮಾಡಿಸುತ್ತಾರೋ ಹೊರಗಿನವರಿಗೆ ತಿಳಿಯುವುದಿಲ್ಲ. ಕೊನೆಯ ದಿನ ಬೀರು ಬೆಳಗಾಗುವಷ್ಟರಲ್ಲಿ ಗೇಟಿನ ಮುಂದಿದ್ದ. ಹೆಂಡತಿ, “ನನ್ನ ಕೈಲಿ ಅಲ್ಲಿ ನಿಂತು ಕಾಯೋಕಾಗಲ್ಲ, ನೀವೇ ಹೋಗಿ ಫೋನ್ ಮಾಡಿ,” ಎಂದು ಮನೆಯಲ್ಲೇ ಉಳಿದಿದ್ದಳು. ಸೀಟಿ ಮೇಷ್ಟ್ರೂ ಬಂದಿದ್ದರು.

“ಯಾವಾಗ ಬರ್ತಾಳೆ ಸರ್?”

“ಬರಬಾರದು ಕಣಯ್ಯ,” ಅಂದರು ಮೇಷ್ಟ್ರು. “ಆಯ್ಕೆ ಆದವರನ್ನ ಒಳಗೇ ಇಟ್ಕೋತಾರೆ, ಇವತ್ತಿಂದಲೇ ಅವರು ದಳದವರು. ಈ ಗೇಟಿಂದ ಆಚೆ ಬರೋರೆಲ್ಲ ಆಗದೇ ಇರೋರು.”

ಎಷ್ಟೋ ದಿನದಿಂದ ಮಗಳ ಮುಖ ನೋಡಬೇಕೆಂದು ಹಂಬಲಿಸಿ ಬಂದ ಬೀರು, ಈಗ ಆ ಮುಖ ಕಾಣದಿರಲಿ ಎಂದು ಬೇಡಿಕೊಳ್ಳುತ್ತಾ ನಿಲ್ಲಬೇಕಾಯಿತು. ಗೇಟು ತೆರೆಯಿತು. ಒಬ್ಬೊಬ್ಬರಾಗಿ ಹೊರಗೆ ಬಂದರು. ಕಟ್ಟುಮಸ್ತಾದ ಹುಡುಗರು, ಕುಂಟುವವರು, ಅಮ್ಮನನ್ನು ಕಂಡೊಡನೆ ಬಿಕ್ಕಿದವರು. ಕತ್ತರಿಸಿದ ಕೂದಲಿನ ಗಿಡ್ಡ ಹುಡುಗಿಯೊಬ್ಬಳು ತಲೆ ತಗ್ಗಿಸಿ ಬಂದಾಗ ಬೀರು ಗೇಟಿನ ಕಡೆ ನುಗ್ಗಿದ. ಅವಳು ತಲೆ ಎತ್ತಿದಾಗ ನೋಡಿದರೆ ಬೇರೆಯವರ ಮಗಳು. ಕೊನೆಗೆ ಲಂಬೂ ಬಂದ. ಅವನ ಹಿಂದೆ ಗೇಟು ಮುಚ್ಚಿಕೊಂಡಿತು.

“ಇನ್ನು ಯಾರಾದ್ರೂ ಇದ್ದಾರೇನಪ್ಪಾ ಬರೋರು?” ಬೀರು ಅವನ ಭುಜ ಹಿಡಿದು ಕೇಳಿದ.

“ಇಲ್ಲ ಅಂಕಲ್, ನಾನೇ ಕೊನೆ.” ಹುಡುಗ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. “ನಮ್ಮ ಡೋಲೀಲಿ ಮೊದಲು ಬದಲಿ ಕೂಗಿದ್ದು ಅವಳೇ. ನಾವೆಲ್ಲ ನಕ್ಕಿದ್ವಿ. ಕೊನೇ ಏರಿನಲ್ಲಿ ನಮ್ಮ ಯಾರ ಕೈಯಲ್ಲೂ ಬಲ ಉಳಿದಿರ್ಲಿಲ್ಲ ಅಂಕಲ್, ಅವಳ ಕೈಯಲ್ಲಿತ್ತು.”

ಬೀರು ಹುಡುಗನನ್ನು ಬಾಚಿ ತಬ್ಬಿಕೊಂಡ. ಆಮೇಲೆ ಮನೆಗೆ ಫೋನ್ ಮಾಡಿದ.

“ಏನಾಯ್ತು ರೀ? ಬಂದ್ಲಾ?”

“ಬರ್ಲಿಲ್ಲ ಕಣೇ!” ಬೀರು ರಸ್ತೆಯಲ್ಲೇ ಕುಣಿದುಬಿಟ್ಟ. ಕಣ್ಣೀರು ಗಲ್ಲದವರೆಗೂ ಇಳಿಯುತ್ತಿತ್ತು. “ನಮ್ಮ ಮಗಳು ಬರ್ಲಿಲ್ಲ!”

“ತಲೆಗಿಲೆ ಕೆಟ್ಟಿದ್ಯೇನ್ರೀ? ಮಗಳು ಬರ್ಲಿಲ್ಲ ಅಂತ ಖುಷಿ ಪಡ್ತೀರಲ್ಲ!”

“ಅಯ್ಯೋ, ಒಳಗೇ ಇಟ್ಕೊಂಡ್ರು ಕಣೇ ಅವಳನ್ನ! ಆಗದೋರೆಲ್ಲ ಆಚೆ ಬಂದ್ರು. ಅವಳು ಬರ್ಲಿಲ್ಲ!”

ಆ ಕಡೆ ಹೊಲಿಗೆ ಯಂತ್ರ ನಿಂತಿತು. ಆಮೇಲೆ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು, ಬಾಗಿಲು ತೆಗೆದ ಸದ್ದು, ಅದರ ಹಿಂದೆಯೇ ಬೀದಿಗೆಲ್ಲ ಕೇಳುವಂತೆ ಅವಳ ಕೂಗು, ಅಳುವೋ ನಗುವೋ ತಿಳಿಯದ ಹಾಗೆ.

“ಕೇಳಿದ್ರೇನ್ರೇ ಎಲ್ಲಾರೂ? ನನ್ನ ಮಗಳು ಬರ್ಲಿಲ್ಲ! ನನ್ನ ಮಗಳು ಮನೆಗೆ ಬರ್ಲಿಲ್ಲ!”