ಗಾಣದ ಜಕ್ಕೂರ ಕಂಡ ಬೆಳಕು

ಜಕ್ಕೂರನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಊರ ಬುಗ್ಗೆಯ ಹತ್ತಿರ, ನೆರೆಯ ಹೊಗ್ಲಾಳ ಬಾಯಿಂದ. ಗಂಡ ತೀರಿಕೊಂಡ ಮೇಲೆ ನಾನು ಯೆರಿಕೋವಿನ ಕಡೆಯ ಮನೆ ಬಿಟ್ಟು ಯೂದಾಯದ ಈ ಬೆಟ್ಟದ ಹಳ್ಳಿಗೆ, ತಮ್ಮ ಅಹೀಕಾಮನ ಆಸರೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೊಡ ತುಂಬಿಸುತ್ತಿದ್ದೆ. ಹೊಗ್ಲಾ ಏದುಸಿರು ಬಿಡುತ್ತಾ ಬಂದಳು.

"ಕೇಳಿದ್ಯೇನೇ ಶೆಲೋಮಿ? ಕೆಳಗೇರಿ ಗಾಣದ ಜಕ್ಕೂರ ಮಾತಾಡಿದ್ನಂತೆ!"

"ಅದರಲ್ಲೇನಕ್ಕ? ಬಾಯಿರೋರೆಲ್ಲ ಮಾತಾಡ್ತಾರೆ."

"ಅಯ್ಯೋ ಮಂಕೇ, ನೀನು ಹೊಸಬಳು. ಆ ಗುಹೆ ಸಬ್ಬತ್ತು ಆದಾಗಿನಿಂದ ಅವನು ಕತ್ತೆಗೆ ಹೈ ಅಂತಾನೂ ಅಂದಿಲ್ಲ. ಇವತ್ತು ಬೆಳಿಗ್ಗೆ ಎದ್ದು, ಆಕಾಶದಷ್ಟು ದೊಡ್ಡ ಗಾಣ ಕಂಡೆ ಅಂತಿದಾನೆ. ಇರೋ ಗಾಣಕ್ಕೆ ಹಾಕೋಕೆ ಆಲಿವ್ ಕಾಯಿ ಇಲ್ಲ, ಇವನಿಗೆ ಆಕಾಶದ ಗಾಣ ಬೇರೆ!"

ಅಂದು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ಇಬ್ಬರು ಗಂಡುಮಕ್ಕಳೂ ಅದೇ ಗುಹೆಯಲ್ಲಿ ಹೋಗಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆ ಗುಹೆಯ ಸಂಗತಿ ಹೇಳದೆ ಜಕ್ಕೂರನ ಸಂಗತಿ ಹೇಳುವಂತಿಲ್ಲ. ಗ್ರೀಕರ ರಾಜ ಯೆರೂಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿ, ಬಲಿಪೀಠದ ಮೇಲೆ ನಮಗೆ ನಿಷಿದ್ಧವಾದ ಹಂದಿ ಕಡಿಸಿ, ವಾರದ ಏಳನೆಯ ದಿನ ಕೆಲಸ ಬಿಟ್ಟು ಸಬ್ಬತ್ತು ಆಚರಿಸಿದವರಿಗೆ ಸಾವು, ಧರ್ಮಗ್ರಂಥದ ಸುರುಳಿ ಇಟ್ಟುಕೊಂಡವರಿಗೆ ಸಾವು ಎಂದು ಸಾರಿಸಿದ ಕಾಲ ಅದು. ಊರಿನ ಅರ್ಧ ಜನ ಹೆದರಿ ಸೈನಿಕರ ಮುಂದೆ ಹಂದಿಮಾಂಸ ಬಾಯಿಗಿಟ್ಟುಕೊಂಡರು. ಇನ್ನರ್ಧ ಜನ ಮರುಭೂಮಿಯ ಅಂಚಿನ ಗುಹೆಗೆ ಹೋಗಿ ಸೇರಿಕೊಂಡರು. ಜಕ್ಕೂರನೂ ಅವನ ಒಬ್ಬಳೇ ಮಗಳು ಇಸ್ಕಾಳೂ ಆ ಗುಂಪಿನಲ್ಲಿದ್ದರು. ಗುಹೆಯಲ್ಲಿ ದೀಪಕ್ಕೆ ಎಣ್ಣೆ ಮುಗಿಯಿತೆಂದು ಜಕ್ಕೂರ ಕದ್ದುಮುಚ್ಚಿ ತನ್ನ ಗಾಣಕ್ಕೆ ಬಂದು, ತೊಗಲ ಚೀಲ ತುಂಬಿಸಿಕೊಂಡು ಹಿಂತಿರುಗುವಾಗ ಎದುರು ಗುಡ್ಡದ ಮೇಲೆ ಹೊತ್ತು ಮುಳುಗಿತು. ಸಬ್ಬತ್ತು ಶುರುವಾಯಿತು. ಹೊರೆ ಹೊತ್ತು ನಡೆಯುವಂತಿಲ್ಲ, ಆ ದಿನಕ್ಕೆ ಇಷ್ಟೇ ದೂರ ಎಂಬ ಗಡಿ ದಾಟುವಂತಿಲ್ಲ. ಇದ್ದಲ್ಲಿಯೇ ಕೂತ.

ಮಾರನೆಯ ಬೆಳಿಗ್ಗೆ ಸೈನಿಕರು ಬಂದರು. ಹೊರಗೆ ಬಂದು ರಾಜನ ಮಾತು ಕೇಳಿ ಎಂದರು. ಒಳಗಿದ್ದವರು ಬರಲಿಲ್ಲ. ಸಬ್ಬತ್ತಿನ ದಿನ ಕಲ್ಲು ಎತ್ತಬಾರದೆಂದು ಗುಹೆಯ ಬಾಯಿಗೆ ಒಂದು ಕಲ್ಲನ್ನೂ ಅಡ್ಡ ಇಡಲಿಲ್ಲ. ಸೈನಿಕರು ಸೌದೆ ಒಟ್ಟಿ ಬೆಂಕಿ ಹಾಕಿದರು. ಜಕ್ಕೂರ ಎದುರು ಗುಡ್ಡದಿಂದ ಹೊಗೆ ನೋಡುತ್ತಾ, ಸಂಜೆ ನಕ್ಷತ್ರ ಮೂಡುವ ತನಕ ಕೂತಿದ್ದ. ಕಟ್ಟಳೆ ಬಿಟ್ಟವನೂ ಅಲ್ಲ, ಮಗಳನ್ನು ಬಿಟ್ಟವನೂ ಅಲ್ಲ. ಆಮೇಲೆ ಇಳಿದು ಹೋದ. ಅಂದಿನಿಂದ ಅವನ ಬಾಯಿ ಕಟ್ಟಿತ್ತು.

ನಮ್ಮ ಹಿರಿಯರು ಹೇಳಿಕೊಟ್ಟದ್ದು ಇಷ್ಟೇ: ಸತ್ತವರು ಪಾತಾಳಕ್ಕೆ ಇಳಿಯುತ್ತಾರೆ, ಅಲ್ಲಿ ಬೆಳಕಿಲ್ಲ, ಹಾಡಿಲ್ಲ, ಒಳ್ಳೆಯವನೂ ಕೆಟ್ಟವನೂ ಒಂದೇ ದೂಳು. ಹಾಗಿದ್ದರೆ ಹಂದಿಮಾಂಸ ತಿಂದು ಬದುಕಿಕೊಂಡವನಿಗೂ ಇಸ್ಕಾಳಿಗೂ ಏನು ವ್ಯತ್ಯಾಸ? ಊರಿನಲ್ಲಿ ಎಲ್ಲರ ಹೊಟ್ಟೆಯಲ್ಲೂ ಈ ಪ್ರಶ್ನೆ ಕೆಂಡದ ಹಾಗೆ ಇತ್ತು. ಯಾರೂ ಉಗುಳಲಿಲ್ಲ. ಜಕ್ಕೂರನ ಮೌನ ಎಂದರೆ ಅದೇ ಪ್ರಶ್ನೆ.

ನನ್ನ ತಮ್ಮ ಸುರುಳಿ ಬರೆಯುವವನು. ಸುದ್ದಿ ಕೇಳಿದವನೇ ಹೋಗಿ ಜಕ್ಕೂರನ ಕೈ ಹಿಡಿದು ಮನೆಗೆ ಕರೆತಂದ. ಆಳು ಗಿಡ್ಡ, ಭುಜ ಅಗಲ, ಉಗುರಿನ ಸಂದಿಯಲ್ಲೆಲ್ಲ ಆಲಿವ್‌ನ ಕಪ್ಪು. ನಾನು ಮೂಲೆಯಲ್ಲಿ ದೀಪದ ಮಸಿಗೆ ಗೋಂದು ಹಾಕಿ ಶಾಯಿ ಅರೆಯುತ್ತಿದ್ದೆ. ರೊಟ್ಟಿ, ಅಂಜೂರ ಮುಂದಿಟ್ಟರೆ ಮುಟ್ಟಲಿಲ್ಲ.

"ಹೇಳಣ್ಣ," ಎಂದ ಅಹೀಕಾಮ. "ನಿಧಾನ ಹೇಳು."

"ಗಾಣ ಕಂಡೆ ಕಣಯ್ಯ. ಅದರ ಕಲ್ಲಿಗೆ ಈ ಕಡೆ ತುದಿ ಕಾಣುತ್ತೆ, ಆ ಕಡೆ ತುದಿ ಕಾಣಲ್ಲ. ಅದನ್ನ ಸುತ್ತಿಸ್ತಿದ್ದವು ಕತ್ತೆಗಳು. ತಲೆ ಮೇಲೆ ಕಿರೀಟ."

"ಕಿರೀಟ?"

"ಹ್ಞೂ, ಕಿರೀಟ. ಕಣ್ಣಿಗೆ ಬಟ್ಟೆ ಕಟ್ಟಿದೆ, ಕತ್ತಿನ ಮೇಲೆ ನೊಗ. ಒಂದು ಬಿತ್ತು ಅಂದ್ರೆ ಇನ್ನೊಂದು ಬಂದು ನೊಗಕ್ಕೆ ಕತ್ತು ಕೊಡುತ್ತೆ. ಬಾಬೆಲಿನದು, ಪಾರಸಿಯದು, ಈಗಿನ ಈ ಗ್ರೀಕರದು. ಒಂದೊಂದೂ ಗಾಣವೇ ನಂದು ಅನ್ನೋ ಹಾಗೆ ಅರಚುತ್ತೆ. ತನ್ನ ಕತ್ತಿನ ನೊಗ ಅದಕ್ಕೆ ಗೊತ್ತೇ ಇಲ್ಲ."

ತಮ್ಮ ಲೇಖನಿ ಪಕ್ಕಕ್ಕಿಟ್ಟು ಮುಂದೆ ಬಾಗಿದ.

"ಕಲ್ಲಿನ ಕೆಳಗೆ ಕಾಯಿಗಳು ಕೂಗ್ತಿದ್ವು. ಮಕ್ಕಳ ದನಿ. ನನ್ನ ಪಕ್ಕ ಒಬ್ಬ ನಿಂತಿದ್ದ. ಮುಖ ನೋಡೋಕಾಗ್ಲಿಲ್ಲ, ಹತ್ತಿದ ಬತ್ತಿ ಥರ. ಇನ್ನೆಷ್ಟು ದಿನ ಸ್ವಾಮಿ ಅಂತ ಅವನ ಕಾಲು ಹಿಡ್ಕೊಂಡೆ. ಅವನು ಅದಕ್ಕೆ ಏನೂ ಹೇಳ್ಲಿಲ್ಲ. ಜಕ್ಕೂರ, ನೀನು ಗಾಣದವನು, ಮೇಲೆ ಯಾಕೆ ನೋಡ್ತೀಯ, ಎಣ್ಣೆ ಎಲ್ಲಿಗೆ ಇಳಿಯುತ್ತೆ ಅಂತ ನಿನಗೆ ಗೊತ್ತಿಲ್ವ ಅಂದ. ನೆಲದಡಿಗೆ ಕರ್ಕೊಂಡು ಹೋದ. ಅಲ್ಲಿ ಕತ್ತಲು. ತೊಟ್ಟು ತೊಟ್ಟಾಗಿ ಎಣ್ಣೆ ಬೀಳ್ತಿದೆ. ಒಂದು ತೊಟ್ಟೂ ನೆಲಕ್ಕಿಲ್ಲ. ಪ್ರತಿ ತೊಟ್ಟಿನ ಕೆಳಗೂ ಒಂದು ಹಣತೆ. ಸಾಲು ಸಾಲು, ಕಣ್ಣು ಹೋಗೋವಷ್ಟು ದೂರ."

ಅವನು ಉಸಿರು ಎಳೆದುಕೊಂಡ.

"ಆ ಹತ್ತಿದ ಮುಖದವನು ಬಗ್ಗಿ ಉಸಿರು ಬಿಟ್ಟ ಅಷ್ಟೆ. ಹಣತೆಗಳೆಲ್ಲ ಒಟ್ಟಿಗೆ ಹತ್ಕೊಂಡ್ವು. ಬಂಡೆ ಸೀಳ್ತು. ದೂಳೆಲ್ಲ ಎದ್ದು ನಿಂತ್ಕೊಂಡ್ತು ಕಣಯ್ಯ, ದೂಳು! ದೀಪ ದೀಪವಾಗಿ ಮೇಲೇರಿ ನಕ್ಷತ್ರಗಳ ನಡುವೆ ಜಾಗ ಹಿಡೀತು. ಹೋಗೋವಾಗ ಒಂದು ದೀಪ ನನ್ನ ಮುಂದೆ ನಿಂತು, ಮುಂಗೈ ಹಿಂದಿನಿಂದ ಕೂದಲು ಸರಿಸ್ಕೊಂಡ್ತು. ಕೈ ಎಣ್ಣೆಯಾಗಿದ್ರೆ ನಮ್ಮ ಇಸ್ಕಾ ಹಾಗೇ ಸರಿಸ್ಕೋತಿದ್ಲು."

ಅರೆದ ಶಾಯಿ ಕಲ್ಲಿನ ಮೇಲೆಯೇ ಒಣಗಿಹೋಗಿತ್ತು. ಹುಟ್ಟಿದಂದಿನಿಂದ ಕೇಳಿದ ಪಾತಾಳಕ್ಕೆ ಬಾಗಿಲೇ ಇರಲಿಲ್ಲ. ಈ ಗಿಡ್ಡ ಮನುಷ್ಯ ಅದರ ಮೇಲ್ಛಾವಣಿ ಸೀಳಿದ್ದನ್ನು ಕಂಡು ಬಂದು ನಮ್ಮ ಚಾಪೆಯ ಮೇಲೆ ಕೂತಿದ್ದ.

ಅಹೀಕಾಮ ಹೇಳಿದ, "ಇದನ್ನ ಬರೀಬೇಕು. ಜನಕ್ಕೆ ಓದಬೇಕು. ಆದ್ರೆ ಜಕ್ಕೂರ ಕಂಡ ಅಂತ ಬರೆಯೋಕಾಗಲ್ಲ ಅಣ್ಣ. ಪ್ರವಾದಿಗಳ ಕಾಲ ಮುಗೀತು ಅಂತ ಎಲ್ಲರೂ ನಂಬಿದಾರೆ. ಪ್ರಳಯಕ್ಕೂ ಹಿಂದೆ ಬಾಳಿದ ನಮ್ಮ ಕುಲದ ಹಿರಿಯಜ್ಜ ಇದನ್ನ ಕಂಡು, ಮುದ್ರೆ ಹಾಕಿ ಇಟ್ಟಿದ್ದ ಅಂತ ಬರೀತೀನಿ. ನಮ್ಮಲ್ಲಿ ಬರೆಯೋದೇ ಹಾಗೆ."

"ಅಂದ್ರೆ ಸುಳ್ಳೇನೋ?" ಎಂದೆ ನಾನು.

"ಸುಳ್ಳಲ್ಲ ಅಕ್ಕ. ಇಂಥದ್ದು ನಿನ್ನೆ ಇವತ್ತು ಹುಟ್ಟಲ್ಲ. ಮೊದಲೇ ಇತ್ತು. ಅಜ್ಜ ಇವನ ಕಣ್ಣಿಂದ ನೋಡ್ದ."

ಜಕ್ಕೂರನಿಗೆ ಅದರ ಚಿಂತೆಯೇ ಇರಲಿಲ್ಲ. "ನನ್ನ ಹೆಸರು ಕಟ್ಕೊಂಡು ಏನಾಗ್ಬೇಕು, ಬಿಡು. ಮಗಳ ಹೆಸರು ಮಾತ್ರ ಹಾಕು. ಆ ದೀಪ ಇಸ್ಕಾಳದು ಅಂತ ಒಂದೇ ಒಂದು ಮಾತು."

ತಮ್ಮ ತಲೆ ತಗ್ಗಿಸಿದ. "ಪ್ರಳಯದ ಹಿಂದಿನ ಅಜ್ಜನಿಗೆ ಗಾಣದ ಇಸ್ಕಾ ಹೇಗೆ ಗೊತ್ತಿರುತ್ತಾಳೆ ಅಣ್ಣ? ಮೊದಲು ಓದಿದವನೇ ನಕ್ಕು ಸುರುಳಿ ಮುಚ್ತಾನೆ. ರಾಜರ ಹೆಸರನ್ನೇ ಹಾಕದೆ ಕತ್ತೆ ಅಂತ ಬರೀತಿದೀನಿ. ಹೆಸರಿಗೆ ಇಲ್ಲಿ ಜಾಗ ಇಲ್ಲ."

"ಕತ್ತೆಗೆ ಜಾಗ ಇದೆ. ನನ್ನ ಮಗಳಿಗಿಲ್ಲ?" ಜಕ್ಕೂರ ಎದ್ದ. "ಹಾಗಾದ್ರೆ ಬೇಡ. ನಾನು ಕಂಡದ್ದು ನನ್ನ ಹತ್ರಾನೇ ಇರ್ಲಿ."

ಹೋಗಿಯೇ ಬಿಟ್ಟ. ತಮ್ಮ ಬರೆಯಲು ಹದ ಮಾಡಿಟ್ಟ ತೊಗಲಿನ ಮುಂದೆ ದಿನಗಟ್ಟಲೆ ಸುಮ್ಮನೆ ಕೂತ. ಜಕ್ಕೂರ ಒಪ್ಪದೆ ಒಂದಕ್ಷರವನ್ನೂ ಇವನು ಬರೆಯುವವನಲ್ಲ.

ನನಗೆ ತಡೆಯಲಿಲ್ಲ. ಬುಗ್ಗೆಯ ಹತ್ತಿರ ಹೊಗ್ಲಾಳಿಗೆ ಎಲ್ಲವನ್ನೂ ಹೇಳಿದೆ, ಹಣತೆ, ಉಸಿರು, ಎದ್ದು ನಿಂತ ದೂಳು. ಕೇಳುತ್ತಾ ಕೇಳುತ್ತಾ ಅವಳ ಕೈಯ ಕೊಡ ಜಾರಿತು. ಒಡೆದ ಕೊಡದ ಕಡೆ ತಿರುಗಿಯೂ ನೋಡದೆ ನೇರ ಗಾಣಕ್ಕೆ ನಡೆದಳು. ನಾನು ಹಿಂದೆಯೇ ಓಡಿದೆ.

"ಏನಯ್ಯಾ ಜಕ್ಕೂರ! ಆಕಾಶ ನಿಮ್ಮಪ್ಪನ ಗಾಣವಾ? ಬೀಗ ಹಾಕ್ಕೊಂಡು ಕೂತಿದ್ಯಲ್ಲ!"

"ಮಗಳ ಹೆಸರು ಹಾಕಲ್ವಂತೆ ಹೊಗ್ಲಾ."

"ಹಾಕಿದ್ರೆ ನನ್ನ ಮಕ್ಕಳ ಹೆಸರೂ ಹಾಕ್ಬೇಕು. ಹಾಕ್ತಾನಾ? ಕುಂಬಾರನ ಹೆಂಡ್ತಿದು? ಅಜ್ಜಿ ಜೊತೆ ಗುಹೇಲಿ ಹೋದ ಅವಳ ಕೂಸಿಗೆ ಹೆಸರೇ ಇಟ್ಟಿರ್ಲಿಲ್ಲ, ಅದಕ್ಕೇನ್ಮಾಡ್ತಿ? ಇಸ್ಕಾ ಅಂತ ಒಂದು ದೀಪಕ್ಕೆ ಬರೆದ್ರೆ ಮಿಕ್ಕ ದೀಪ ಎಲ್ಲ ಯಾರ್ಯಾರದೋ ಆಗ್ತವೆ. ಹೆಸರಿಲ್ದೆ ಬಿಟ್ರೆ ಎಲ್ಲಾ ತಾಯಂದಿರೂ ನನ್ನದು ಅಂತಾರೆ." ಅವನ ಮುಂದೆ ಎರಡು ಬೆರಳು ಎತ್ತಿ ಹಿಡಿದಳು. "ಎರಡೇ ಎರಡು ಹಣತೆ ಕಣೋ ನಾನು ಕೇಳ್ತಿರೋದು."

ಜಕ್ಕೂರ ಗಾಣದ ಕಲ್ಲಿನ ಮೇಲೆ ಹಣೆ ಇಟ್ಟು ನಿಂತ. ಮರುದಿನ ಬೆಳಿಗ್ಗೆ ಅವನು ನಮ್ಮ ಹೊಸ್ತಿಲಲ್ಲಿದ್ದ.

ಸುರುಳಿ ಮುಗಿದಾಗ ಅದನ್ನು ಓದಲು ಸೈನಿಕರ ಕಿವಿ ಬೀಳದ ಜಾಗ ಬೇಕಿತ್ತು. ಗಾಣ ಇದ್ದದ್ದೂ ಬಂಡೆ ಕೊರೆದ ಗವಿಯೊಳಗೆ. ಹಗಲಿನಲ್ಲೇ, ಎಣ್ಣೆಗೆ ಬಂದವರಂತೆ ಜಾಡಿ ಹಿಡಿದು ಒಬ್ಬೊಬ್ಬರಾಗಿ ಒಳಗೆ ಸೇರಿದೆವು. ದಾರಿಯಲ್ಲಿ ಹೋಗುವವರಿಗೆ ದನಿ ಕೇಳಿಸದಿರಲಿ ಎಂದು ಜಕ್ಕೂರ ಕಾಯಿ ಹಾಕದೆಯೇ ಖಾಲಿ ಗಾಣ ತಿರುಗಿಸಿದ. ಕಲ್ಲಿನ ಗುಡುಗಿನ ನಡುವೆ ತಮ್ಮನ ದನಿ: "ನಾನು, ನಿಮ್ಮ ಹಿರಿಯರ ಹಿರಿಯನು, ಕಂಡೆನು…"

ಅದೇ ಮಾತುಗಳು, ಆದರೆ ಅವೇ ಅಲ್ಲ. ನಮ್ಮ ಚಾಪೆಯ ಮೇಲೆ ತೊದಲಿದ್ದು ಈಗ ಪ್ರಳಯದ ನೀರಿನ ಆಚೆ ದಡದಿಂದ ಬರುವ ಹಾಗಿತ್ತು. ಜಕ್ಕೂರ ಆಕಾಶದ ಗಾಣ ಕಂಡನೆಂಬ ಗಾಳಿಮಾತನ್ನು ಊರು ನಕ್ಕು ಮರೆತಿತ್ತು. ಆ ಅಜ್ಜ ನಮಗಾಗಿ ಇಷ್ಟು ಯುಗ ಕಾದಿದ್ದ, ನಮ್ಮ ಗುಹೆಯ ಹೊಗೆ ಅವನಿಗೆ ಆಗಲೇ ಕಂಡಿತ್ತು ಎಂದು ಜನ ನಡುಗಿದರು. ದೂಳು ಎದ್ದು ನಿಂತ ಕಡೆ ಬಂದಾಗ ಹೆಂಗಸರು ನೆಲಕ್ಕೆ ಅಂಗೈ ಒತ್ತಿದರು, ಕೆಳಗೆ ಯಾರೋ ಮಿಸುಕುತ್ತಿರುವ ಹಾಗೆ.

ಹೊಗ್ಲಾ ಕೇಳಿದಳು, "ಅಹೀಕಾಮಪ್ಪ, ದೀಪ ಎಷ್ಟಿದ್ವು ಅಂತ ಅಜ್ಜ ಹೇಳಿದಾನಾ?"

"ಎಣಿಸೋಕಾಗದಷ್ಟು ಅಂತ ಬರೆದಿದೆ ಅಮ್ಮ."

"ಹಾಗಾದ್ರೆ ಎರಡು ನಂದು," ಎಂದಳು. ಪಕ್ಕದಲ್ಲಿದ್ದ ಕುಂಬಾರನ ಹೆಂಡತಿ ಮೆಲ್ಲಗೆ, "ಒಂದು ಚಿಕ್ಕದು ನಂದು," ಎಂದಳು. ಹಿಂದೆ ಗಾಣ ತಿರುಗಿಸುತ್ತಿದ್ದ ಜಕ್ಕೂರ ಮಿಕ್ಕವರಂತೆ ಬಾಯಿ ತೆರೆದು ಕೇಳುತ್ತಿದ್ದ. ಆ ಗವಿಯಲ್ಲಿ ಎಲ್ಲರಿಗಿಂತ ಹೆಚ್ಚು ಬೆರಗಾಗಿದ್ದವನು ಅವನೇ ಇರಬೇಕು.

ಆಮೇಲೆ ನಮ್ಮವರು ಗ್ರೀಕರ ಮೇಲೆ ಯುದ್ಧಕ್ಕೆ ಎದ್ದು ಗೆದ್ದರು. ದೇವಾಲಯ ಶುದ್ಧವಾಯಿತು, ದೀಪ ಹತ್ತಿಸಿದರು, ಊರೆಲ್ಲ ಕುಣಿಯಿತು. ಗ್ರೀಕರ ಕತ್ತೆ ಬಿತ್ತು, ಇನ್ನು ಬಂಡೆ ಸೀಳುವುದೇ ಬಾಕಿ ಎಂದು ಜನ ಆಕಾಶ ನೋಡಿದರು. ಸೀಳಲಿಲ್ಲ. ನಮ್ಮವರೇ ಅಧಿಕಾರಕ್ಕೆ ಬಂದು ನೊಗಕ್ಕೆ ಕತ್ತು ಕೊಟ್ಟರು, ಅವರೂ ಗಾಣ ನಮ್ಮದೆಂದರು. ಬಂಡೆ ಸೀಳುವ ದಿನದ ಎಣಿಕೆ ತಪ್ಪಿತೆಂದು ಕೆಲವರು ಹೊಸ ಎಣಿಕೆ ಹಾಕಿದರು. ಜಕ್ಕೂರ ಮಾತ್ರ ಎಣಿಸಲಿಲ್ಲ. "ನಾನು ಕೇಳ್ದೆ, ಅವನು ಹೇಳ್ಲಿಲ್ಲ. ನಾನ್ಯಾಕೆ ಲೆಕ್ಕ ಹಾಕ್ಲಿ?" ಎನ್ನುತ್ತಿದ್ದ.

ಗಾಣದ ಗವಿಯಲ್ಲಿ ವರ್ಷ ವರ್ಷವೂ ಸುರುಳಿಯ ಓದು ನಡೆಯಿತು, ಅದರ ಪ್ರತಿಗಳು ಬೆಟ್ಟ ಇಳಿದು ಮರುಭೂಮಿಯ ತನಕ ಹೋದವು. ಒಮ್ಮೆ ಬಿಳಿ ಬಟ್ಟೆಯ ಬೋಧಕನೊಬ್ಬ ಆ ಕಡೆಯಿಂದ ಬಂದು, ಗಾಣದ ಕಟ್ಟೆಯ ಮೇಲೆ ಕೂತು, ಅದನ್ನೇ ಬಾಯಿಪಾಠ ಒಪ್ಪಿಸಿದ. ಕಂಡವನು ಇವನೇ ಎಂದು ಹೇಳಲು ನನ್ನ ನಾಲಿಗೆ ತುರಿಸಿತು. ಜಕ್ಕೂರ ಕಣ್ಣಲ್ಲೇ ತಡೆದ. "ಹಣತೆ ಬರೋ ಕಡೆ ಇನ್ನೊಂದ್ಸಲ ಹೇಳಿ ಸ್ವಾಮಿ," ಎಂದು ಅವನ ಮುಂದೆ ಮಂಡಿಯೂರಿ ಕೂತ. ಬೋಧಕ ಹೇಳಿದ. ಇವನು ಕಣ್ಣೀರು ಸುರಿಸಿದ.

ಅವನ ಕೊನೆಗಾಲಕ್ಕೆ ಸಾರು ತೆಗೆದುಕೊಂಡು ಹೋಗುತ್ತಿದ್ದವಳು ನಾನು. ತಮ್ಮ ಆಗಲೇ ಹೋಗಿದ್ದ, ಹೊಗ್ಲಾಳೂ ಹೋಗಿದ್ದಳು. ಇದು ಯಾರು ಕಂಡದ್ದೆಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಒಂದು ಮಧ್ಯಾಹ್ನ ಅವನು ಬಟ್ಟಲು ಪಕ್ಕಕ್ಕೆ ಸರಿಸಿದ.

"ತಂಗೀ, ಮುಂದಿನ ಓದಿಗೆ ನಾನಿರಲ್ಲ."

"ಸುಮ್ನಿರಣ್ಣ, ಸಾರು ಕುಡಿ."

"ಕೇಳು ಮೊದಲು. ಬಂಡೆ ಸೀಳ್ತು ಅನ್ನೋ ಮಾತಾದ ಮೇಲೆ ಓದೋನು ಒಂದು ಉಸಿರು ತಗೋತಾನೆ. ಯಾರೇ ಓದ್ಲಿ, ತಗೊಳ್ಳಲೇಬೇಕು, ಅಲ್ಲಿ ಮಾತು ಅಷ್ಟು ಉದ್ದ. ಇಷ್ಟು ವರ್ಷ ಆ ಉಸಿರಿನೊಳಗೆ ನಾನು ಅವಳ ಹೆಸರು ಹೇಳ್ಕೋತಿದ್ದೆ. ಯಾರಿಗೂ ಕೇಳಿಸ್ತಿರ್ಲಿಲ್ಲ."

ನಾನು ಬಟ್ಟಲು ನೆಲಕ್ಕಿಟ್ಟು ಅವನ ಹತ್ತಿರ ಸರಿದೆ.

"ಇನ್ಮೇಲೆ ನೀನು ಹೇಳ್ತೀಯಾ? ಜೋರಾಗಿ ಬೇಡ. ಇಸ್ಕಾ, ಅಷ್ಟೇ."