ಎದೆಲ್ಮಿರಾ ತೊಳೆಯದೆ ಬಿಟ್ಟ ಗೂಡು

ನಮ್ಮ ಓಲ್ಮುಎ ಊರಿನಲ್ಲಿ ದೇಗು ಅಂದರೆ ಓಡಿಸುವ ಪ್ರಾಣಿಯೇ ಹೊರತು ಸಾಕುವ ಪ್ರಾಣಿಯಲ್ಲ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲದ ತುದಿಗೆ ಬಣ್ಣ ಬಳಿಯುವ ಕುಂಚ ಕಟ್ಟಿಕೊಂಡ ಹಾಗೆ ಒಂದು ಕಪ್ಪು ಕುಚ್ಚು. ಬೆಟ್ಟದ ಬುಡದ ಮುಳ್ಳುಪೊದೆಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಬೆಣ್ಣೆಹಣ್ಣಿನ ಗಿಡಗಳ ತೊಗಟೆ ಕೆರೆದು ತಿನ್ನುತ್ತವೆ ಅಂತ ತೋಟದವರು ಕಂಡಲ್ಲೆಲ್ಲ ಕಲ್ಲೆಸೆಯುತ್ತಾರೆ. ಅಂಥ ಊರಿನಲ್ಲಿ ನನ್ನ ಪಕ್ಕದ ಮನೆಯ ಎದೆಲ್ಮಿರಾ ಪುಲ್ಗಾರ್ ಮೂರು ದೇಗುಗಳನ್ನು ದತ್ತು ತೆಗೆದುಕೊಂಡಾಗ ಇಡೀ ಬೀದಿ ನಕ್ಕಿತು.

"ಬೆಟ್ಟದಲ್ಲಿ ಬಿಟ್ಟಿ ಓಡಾಡೋದನ್ನ ಟಿಕೆಟ್ ತೆಗೆಸಿ ಬಸ್ಸಲ್ಲಿ ತರಿಸಿದ್ದಾಳೆ," ಅಂದಳು ಅವಳ ಅಕ್ಕ ಒತಿಲಿಯಾ. "ಮುಂದಿನ ವಾರ ನೊಣಾನೂ ದತ್ತು ತಗೊಳ್ಳೇ."

"ನೊಣ ನಮ್ಮನೇಗೆ ಬರಲ್ಲಕ್ಕ, ಅದಕ್ಕೆ ನಿಮ್ಮನೇನೇ ಇಷ್ಟ," ಅಂದಳು ಎದೆಲ್ಮಿರಾ.

ಅದು ಸುಳ್ಳಲ್ಲ. ವಿನ್ಯಾ ಪಟ್ಟಣದ ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೂದಲು ನೆರೆಯುವ ತನಕ ದುಡಿದು ನಿವೃತ್ತಳಾದವಳು ಅವಳು. ಹಾಳೆಯಂತೆ ಬಿಳಿ ಇಲ್ಲದ ಹಾಸುಬಟ್ಟೆ ಅವಳ ಕಣ್ಣಿಗೆ ಹಾಸುಬಟ್ಟೆಯೇ ಅಲ್ಲ. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಮನೆಯನ್ನು ತೊಳೆದೂ ತೊಳೆದೂ ಕೊನೆಗೆ ತೊಳೆಯಲು ಏನೂ ಉಳಿಯಲಿಲ್ಲ. ಕೊಳೆ ಮಾಡುವವರೇ ಇಲ್ಲದ ಮನೆಯಲ್ಲಿ ಕೊಳೆ ಎಲ್ಲಿಂದ ತರುವುದು? ಆಗ ಹಳೆಯ ಜೊತೆಗೆಲಸದವಳ ಮಗಳು ಪಾಸ್ಕಾಲಾ ಸಿಕ್ಕಿದಳು. ಆ ಹುಡುಗಿಗೆ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ. ಅಧ್ಯಯನ ಮುಗಿದ ದೇಗುಗಳಿಗೆ ಮನೆ ಹುಡುಕುತ್ತಿದ್ದಳು. ಪಂಜರದಲ್ಲೇ ಹುಟ್ಟಿದವು, ಬೆಟ್ಟಕ್ಕೆ ಬಿಟ್ಟರೆ ಬದುಕುವುದಿಲ್ಲ. ಒಂದೇ ಸೂಲಿನ ಮೂವರು ಹೆಣ್ಣುಮಕ್ಕಳು. ಎದೆಲ್ಮಿರಾ ಅವಕ್ಕೆ ನಮ್ಮ ಬೇಕರಿಯ ಮೂರು ರೊಟ್ಟಿಗಳ ಹೆಸರಿಟ್ಟಳು: ಮರ್ರಾಕೆ, ಆಯುಯಾ, ಸೊಪಾಯ್ಪ.

ಒಪ್ಪಿಸಲು ಬಂದ ದಿನ ಪಾಸ್ಕಾಲಾ ಗಾಜಿನ ವರಾಂಡದಲ್ಲಿ ಪಂಜರ ಇಳಿಸಿ, ಹಿರಿಯ ಹೆಂಗಸರಿಗೆ ಸಲ್ಲುವ 'ದೋನ್ಯಾ' ಸೇರಿಸಿ ಹೇಳಿದಳು: "ಬಾಲ ಮಾತ್ರ ಹಿಡೀಬೇಡಿ ದೋನ್ಯಾ ಎದೆಲ್ಮಿರಾ, ಚರ್ಮ ಕಳಚ್ಕೊಂಡು ಕೈಗೆ ಬರತ್ತೆ. ಸಿಹಿ ಕೊಡ್ಬೇಡಿ, ಒಂದು ಒಣದ್ರಾಕ್ಷಿ ಕೂಡ ಬೇಡ, ಸಕ್ಕರೆ ಕಾಯಿಲೆ ಬರತ್ತೆ. ಮತ್ತೆ, ಗೂಡನ್ನ ಜಾಸ್ತಿ ತೊಳೆಯೋಕೆ ಹೋಗ್ಬೇಡಿ. ಸ್ವಲ್ಪ ಹಳೇ ಹುಲ್ಲು ಹಾಗೇ ಇರ್ಲಿ."

ಮೊದಲ ಎರಡು ಮಾತನ್ನು ಎದೆಲ್ಮಿರಾ ಆಜ್ಞೆ ಅಂತ ತೆಗೆದುಕೊಂಡಳು. ಮೂರನೆಯದನ್ನು ಸೌಜನ್ಯ ಅಂತ. ಅವಳ ತಪ್ಪೂ ಅಲ್ಲ. ನಮ್ಮಲ್ಲಿ ಮನೆಗೆ ಬಂದವರು "ಏನೂ ತೊಂದರೆ ತಗೋಬೇಡಿ, ಟೀ ಗೀ ಬೇಡ" ಅನ್ನುತ್ತಲೇ ಕುರ್ಚಿ ಎಳೆದುಕೊಳ್ಳುತ್ತಾರೆ. ಆ ಬೇಡವನ್ನು ನಿಜವಾಗಿ ನಂಬಿ ನೀರು ಕಾಯಿಸದೆ ಕೂತವಳ ಕಥೆಯನ್ನು ಅವಳ ಹೆಣದ ಮುಂದೆಯೂ ಆಡಿಕೊಳ್ಳುತ್ತಾರೆ. ಹಾಗಾಗಿ "ಜಾಸ್ತಿ ತೊಳೆಯಬೇಡಿ" ಅಂದರೆ ಅವಳ ಕಿವಿಗೆ ಕೇಳಿಸಿದ್ದು: ಚೆನ್ನಾಗಿ ತೊಳೆಯಿರಿ, ಬಂದು ನೋಡುತ್ತೇವೆ.

ನಮ್ಮ ಬೀದಿಯಲ್ಲಿ ಶನಿವಾರ ಬೆಳಗ್ಗೆ ಎಲ್ಲ ಮನೆಯಲ್ಲೂ ರೇಡಿಯೊ ಜೋರು, ಕಿಟಕಿ ತೆರೆದು, ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗು, ನೆಲಕ್ಕೆ ಕೆಂಪು ಮೇಣ. ಎದೆಲ್ಮಿರಾಗೆ ಈಗ ಹೊಸ ಹುರುಪು. ದೇಗುಗಳನ್ನು ಒಂದು ಪೆಟ್ಟಿಗೆಗೆ ಹಾಕಿ, ಪಂಜರದ ಸರಳು, ಚಕ್ರ, ಮರದ ಗೂಡು, ಬಟ್ಟಲು ಎಲ್ಲವನ್ನೂ ಬ್ಲೀಚು ನೀರಲ್ಲಿ ಉಜ್ಜುವಳು. ದೇಗುವಿನ ಗೂಡನ್ನು ದೇಗುಲ ತೊಳೆದಂತೆ ತೊಳೆಯುವಳು. ಹಳೆಯ ಹುಲ್ಲೆಲ್ಲ ಕಸಕ್ಕೆ. ಹೊಸ ಹುಲ್ಲು ಹಾಸಿ, ದೇಗುಗಳನ್ನು ಒಳಗೆ ಬಿಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತು ನೋಡುವಳು.

ಯುದ್ಧ ಶುರುವಾಗುತ್ತಿದ್ದದ್ದು ಆಗ.

ವಾರವೆಲ್ಲ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದ ಅಕ್ಕತಂಗಿಯರು ಬಾಲ ಬೀಸುತ್ತ, ಹಲ್ಲು ಕಟಕಟಿಸುತ್ತ, ಹಿಂಗಾಲ ಮೇಲೆ ಎದ್ದು ನಿಂತು ಒಬ್ಬರನ್ನೊಬ್ಬರು ತಳ್ಳುವರು. ರಿಯಾಯಿತಿ ಮಾರಾಟದಲ್ಲಿ ಒಂದೇ ಸ್ವೆಟರಿಗೆ ಕೈಹಾಕಿದ ಹೆಂಗಸರನ್ನು ನೋಡಿದ್ದೀರಲ್ಲ, ಅದೇ ಭಂಗಿ. ಎರಡನೆಯ ಶನಿವಾರವೋ ಮೂರನೆಯದೋ, ಸೊಪಾಯ್ಪಳ ಕಿವಿ ಹರಿದು ರಕ್ತ ಬಂತು.

ಎದೆಲ್ಮಿರಾ ಫೋನು ಮಾಡಿದಳು. ಪಾಸ್ಕಾಲಾ ಹೇಳಿದಳು: "ಬೇಸಿಗೆ ಮುಗಿಯೋ ಹೊತ್ತಿಗೆ ಒಂದ್ಸಲ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಸೊಪಾಯ್ಪನ್ನ ವಾಪಸ್ ಕರ್ಕೊಂಡು ಹೋಗ್ಬೇಕಾಗತ್ತೆ."

"ಅಲ್ಲಿ ಅವಳ ಜೊತೆ ಯಾರಿರ್ತಾರೆ?"

"ಯಾರೂ ಇಲ್ಲ. ಬೇರೆ ದೇಗುಗಳು ಸೇರಿಸ್ಕೊಳ್ಳಲ್ಲ. ಒಂಟಿ ದೇಗು ಕೊರಗತ್ತೆ, ಅದು ನಿಜ. ಆದ್ರೆ ಕಚ್ಚಿಸ್ಕೊಂಡು ಇರೋಕ್ಕಿಂತ…"

ಫೋನಿಟ್ಟು ಎದೆಲ್ಮಿರಾ ನನ್ನ ಕಡೆ ತಿರುಗಿದಳು. "ಗ್ರಿಸೆಲ್ದಾ, ಇವು ಯಾಕೆ ಜಗಳ ಆಡ್ತಾವೆ ಅಂತ ನಾನು ಕಂಡುಹಿಡೀತೀನಿ. ಹೋಟೆಲಲ್ಲಿ ವೈನಿನ ಕಲೆ, ಮೇಣದ ಕಲೆ, ಲಿಪ್‌ಸ್ಟಿಕ್ ಕಲೆ, ಯಾವುದನ್ನೂ ಬಿಟ್ಟವಳಲ್ಲ ನಾನು. ಇದೂ ಒಂದು ಕಲೆ ಅಷ್ಟೆ."

"ಜಗಳ ಆಡೋದೂ ಒಂದು ಕಲೆಯೇ," ಅಂದೆ. ಅವಳು ನಗಲಿಲ್ಲ. ನನ್ನ ಇಂಥ ಮಾತಿಗೆ ಶಾಲೆಯಲ್ಲಿ ಸನ್ಯಾಸಿನಿಯರೂ ನಗುತ್ತಿರಲಿಲ್ಲ.

ಮರುದಿನದಿಂದ ಪಂಜರದ ಮುಂದೆ ಒಂದು ಸ್ಟೂಲು ಬಂತು, ಅದರ ಮೇಲೆ ಎದೆಲ್ಮಿರಾ. ಮೈ ನೆಕ್ಕಿಕೊಳ್ಳುವಾಗ ಹಕ್ಕಿಯಂತೆ ಉಲಿಯುತ್ತವೆ, ಅದು ಸಂತೋಷ. ಬಾಲ ನೆಲಕ್ಕೆ ಬಡಿದರೆ ಹತ್ತಿರ ಬರಬೇಡ ಅಂತ. ಗಿಡುಗನ ನೆರಳು ಗಾಜಿನ ಮೇಲೆ ಹಾದರೆ ಒಬ್ಬಳು ಕೂಗುತ್ತಾಳೆ, ಮೂವರೂ ಗೂಡಿಗೆ. ಮಣ್ಣಿನ ಬಟ್ಟಲಲ್ಲಿ ಒಬ್ಬಳು ಹೊರಳಿದ ಜಾಗದಲ್ಲೇ ಮಿಕ್ಕವರೂ ಹೊರಳಬೇಕು. ಹೀಗೆ ಒಂದೊಂದೇ ಕಲಿತಳು. ಹಲ್ಲು ಕಿತ್ತಳೆ ಬಣ್ಣ. ಒತಿಲಿಯಾ ಬಗ್ಗಿ ನೋಡಿ "ಸಿಗರೇಟು ಸೇದ್ತಾವೇನೇ ಇವು?" ಅಂದಳು. ಕಿತ್ತಳೆ ಇದ್ದರೇ ಆರೋಗ್ಯ, ಬೆಳ್ಳಗಾದರೆ ಕಾಯಿಲೆ ಅಂತ ಪಾಸ್ಕಾಲಾ ಹೇಳಿದ್ದಳು. ಬಿಳಿಯೇ ಒಳ್ಳೆಯದು ಅಂತ ಜೀವನವಿಡೀ ನಂಬಿದ್ದವಳಿಗೆ ಅದು ಮೊದಲ ಪೆಟ್ಟು. ಹಲ್ಲು ಸವೆಯಲು ಹುಲ್ಲು ಬೇಕು. ಹಲ್ಲಿಗೂ ಹುಲ್ಲಿಗೂ ಒಂದು ಕೊಂಬಿನ ವ್ಯತ್ಯಾಸ, ಈ ಬಡಪಾಯಿಗಳಿಗೋ ಕೊಂಬೇ ಇಲ್ಲ.

ಆದರೆ ಶನಿವಾರದ ಶನಿ ಬಿಡಲಿಲ್ಲ. ಬಟ್ಟಲಿಗಾಗಿ ಜಗಳವೇನೋ ಅಂತ ಮೂರು ಬಟ್ಟಲಿಟ್ಟಳು. ರೇಡಿಯೊ ಗಲಾಟೆಯೇನೋ ಅಂತ ನಿಲ್ಲಿಸಿದಳು, ನನ್ನ ಮನೆಯದನ್ನೂ ನಿಲ್ಲಿಸಿದಳು. ನನ್ನ ಬೆಕ್ಕಿನ ಮೇಲೆ ಅನುಮಾನಪಟ್ಟಳು. ಬೆಕ್ಕು ಇಡೀ ಶನಿವಾರ ಬಚ್ಚಲಲ್ಲಿ ಬಂದಿಯಾಗಿ ನನ್ನ ಟವೆಲು ಹರಿಯಿತು. ಯುದ್ಧ ಮಾತ್ರ ತಪ್ಪಲಿಲ್ಲ.

"ಕೊಟ್ಟುಬಿಡೇ ಆ ಹರಕು ಕಿವಿಯವಳನ್ನ. ಎರಡು ಸಾಲದೇ?" ಅಂದಳು ಒತಿಲಿಯಾ.

"ನಿನ್ನ ಜೊತೆ ಜಗಳ ಆಡ್ದಾಗೆಲ್ಲ ಅಮ್ಮ ನಿನ್ನ ಕೊಟ್ಟುಬಿಟ್ಟಿದ್ರೆ?"

"ತಗೊಳ್ಳೋರು ಸಿಗ್ಬೇಕಿತ್ತಲ್ಲ," ಅಂದಳು ಒತಿಲಿಯಾ, ಬೇಜಾರಿಲ್ಲದೆ.

ಆ ಬೇಸಿಗೆ ಬಾವಿಗಳು ತಳ ಕಂಡು, ಒಂದು ಶುಕ್ರವಾರ ನಲ್ಲಿ ನೀರೂ ನಿಂತಿತು. ಶನಿವಾರ ಬೀದಿಯ ಯಾವ ಮನೆಯಲ್ಲೂ ಬಕೆಟ್ ಸದ್ದಿಲ್ಲ. ಹಬ್ಬ ರದ್ದಾದ ಹಾಗೆ ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು. ಸಂಜೆ ಐದಕ್ಕೆ ಒತಿಲಿಯಾ ಮತ್ತು ನಾನು ರೊಟ್ಟಿ, ಬೆಣ್ಣೆಹಣ್ಣು ಹಿಡಿದು ಎದೆಲ್ಮಿರಾ ಮನೆಗೆ ಹೋದರೆ ಅವಳು ಸ್ಟೂಲಿನ ಮೇಲೆ ಕಲ್ಲಾಗಿ ಕೂತಿದ್ದಾಳೆ.

"ಏನಾಯ್ತೇ?"

"ಏನೂ ಆಗ್ಲಿಲ್ಲ," ಪಿಸುಗುಟ್ಟಿದಳು. "ಇವತ್ತು ಶನಿವಾರ, ಏನೂ ಆಗ್ಲಿಲ್ಲ."

ಗಬ್ಬು ಹುಲ್ಲಿನ ರಾಶಿಯಲ್ಲಿ ಮೂರು ದೇಗುಗಳು ಒಂದೇ ಮುದ್ದೆಯಾಗಿ ಮಲಗಿದ್ದವು. ಸೊಪಾಯ್ಪಳ ಹರಿದ ಕಿವಿಯನ್ನು ಮರ್ರಾಕೆ ನೆಕ್ಕುತ್ತಿದ್ದಳು.

ನೀರು ಬಂದ ಮೇಲೆ ಎದೆಲ್ಮಿರಾ ಪರೀಕ್ಷೆಗಿಳಿದಳು. ಚಕ್ರ ಒಂದನ್ನೇ ಬ್ಲೀಚಿನಲ್ಲಿ ತೊಳೆದಿಟ್ಟಳು. ಮೂವರೂ ಬಂದು ಮೂಸಿದರು, ಒಬ್ಬರನ್ನೊಬ್ಬರು ತಳ್ಳಿದರು, ಚಕ್ರದ ಹತ್ತಿರ ಮಾತ್ರ. ಗೂಡಿಗೆ ಹೋದ ಕೂಡಲೇ ಮತ್ತೆ ಅಕ್ಕತಂಗಿಯರು. ಎದೆಲ್ಮಿರಾ ಹೋಗಿ ಕೈ ತೊಳೆಯಲು ನಲ್ಲಿ ತಿರುಗಿಸಿದಳು, ತೊಳೆಯದೆ ನಿಲ್ಲಿಸಿದಳು.

"ನಾವು ಮುಖ ನೋಡಿ ಗುರುತು ಹಿಡೀತೀವಿ, ಇವು ಮೂಗಿಂದ," ಅಂದಳು. "ಪ್ರತಿ ಶನಿವಾರ ನಾನು ಅವರ ಮನೇನ ಅಳಿಸಿ ಹಾಕ್ತಿದ್ದೆ ಗ್ರಿಸೆಲ್ದಾ. ಅಳಿಸಿದ್ಮೇಲೆ ನೀನು ಯಾರು, ಇದು ಯಾರ ಜಾಗ ಅಂತ ಮೊದ್ಲಿಂದ ಶುರು."

ವಾಸನೆ ಹೋದಲ್ಲಿ ವಾಸವೂ ಹೋಯಿತು, ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ತಿಳಿದದ್ದು ಸುಲಭ, ಮಾಡುವುದು ಕಷ್ಟವಾಯಿತು. ಮೊಣಕೈವರೆಗೆ ಬ್ಲೀಚಿನಲ್ಲಿ ಬೆಂದ ಆ ಕೈಗಳು ಸುಮ್ಮನಿರಬೇಕಲ್ಲ? ಶನಿವಾರ ಬಂದರೆ ಅವನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಓಡಾಡುವಳು. ಪಂಜರದ ತಳ ಒರೆಸುವಳು, ಒದ್ದೆಯಾದದ್ದಷ್ಟನ್ನು ತೆಗೆಯುವಳು, ಗೂಡಿನ ಹುಲ್ಲು ಮಾತ್ರ ಮುಟ್ಟಳು. ಬೀದಿ ಮಾತಾಡತೊಡಗಿತು. ಎದೆಲ್ಮಿರಾ ಮನೆ ನಾರುತ್ತಂತೆ! ಅವಳು ಹಲ್ಲು ಕಚ್ಚಿಕೊಂಡಳು. ವಾರಗಳು ಜಗಳವಿಲ್ಲದೆ ಹೋದವು.

ಬೇಸಿಗೆಯ ಕೊನೆಯಲ್ಲಿ ಪಾಸ್ಕಾಲಾ ಬರುವ ಶನಿವಾರ ಬಂತು. ಎದೆಲ್ಮಿರಾ ನನ್ನನ್ನೂ ಕರೆದುಕೊಂಡು ಬೇಕರಿಗೆ ಹೋದಳು, ಬಿಸಿ ರೊಟ್ಟಿಗೆ ಸಾಲು ಉದ್ದವಿತ್ತು. ವಾಪಸು ಬಂದು ಬಾಗಿಲು ತೆರೆದರೆ ಮೂಗಿಗೆ ಹೊಡೆದದ್ದು ಬ್ಲೀಚು.

ವರಾಂಡದಲ್ಲಿ ಒತಿಲಿಯಾ, ಅಂಗಿಯ ತೋಳು ಮೇಲಕ್ಕೆ ಮಡಚಿ, ಬೆವರು ಒರೆಸಿಕೊಳ್ಳುತ್ತ. ಪಂಜರ ಥಳಥಳ.

"ನೋಡು ಹೇಗಿದೆ! ವಿಶ್ವವಿದ್ಯಾಲಯದವಳು ಬರ್ತಾಳೆ, ಆ ಗಬ್ಬು ನೋಡಿದ್ರೆ ಮೂರನ್ನೂ ಕರ್ಕೊಂಡು ಹೋಗ್ತಾಳೆ ಅಂತ ನಾನೇ ತೊಳ್ದೆ. ಜೀವಮಾನದಲ್ಲಿ ನಿನ್ನ ಮನೇಲಿ ಮೊದಲ್ನೇ ಸಲ ನಂಗೆ ತೊಳೆಯೋಕೆ ಏನಾದ್ರೂ ಸಿಕ್ತು!"

ಪಂಜರದೊಳಗೆ ಆಗಲೇ ಬಾಲಗಳು ಬೀಸುತ್ತಿದ್ದವು. ಮರ್ರಾಕೆ ಎದ್ದು ನಿಂತಿದ್ದಳು. ಸೊಪಾಯ್ಪ ಮೂಲೆಯಲ್ಲಿ.

ಎದೆಲ್ಮಿರಾ ರೊಟ್ಟಿ ಚೀಲವನ್ನು ನನ್ನ ಕೈಗೆ ತುರುಕಿದಳು. "ಹುಲ್ಲೆಲ್ಲಿ ಅಕ್ಕ?"

"ಕಸದಲ್ಲಿ. ಮತ್ತೆಲ್ಲಿ?"

"ಯಾವ ಕಸ?"

"ಹಿತ್ತಲ ಡಬ್ಬ. ಯಾಕೇ, ಏನಾಯ್ತೇ ನಿಂಗೆ?"

ಬದುಕಿನಲ್ಲಿ ಕೈಗವಸಿಲ್ಲದೆ ಕಸ ಮುಟ್ಟದವಳು ಹಿತ್ತಲಿಗೆ ಓಡಿ, ಡಬ್ಬದೊಳಗೆ ಭುಜದವರೆಗೆ ಇಳಿದಳು. ಈರುಳ್ಳಿ ಸಿಪ್ಪೆ ಹಾರಿತು, ಟೀ ಪುಡಿ ಹಾರಿತು, ಒತಿಲಿಯಾಳ ಬಾಯಿಂದ ಸಂತರ ಹೆಸರುಗಳು ಹಾರಿದವು. ಅದೇ ಹೊತ್ತಿಗೆ ಗೇಟಿನಲ್ಲಿ ಪಾಸ್ಕಾಲಾ, ಕೈಯಲ್ಲಿ ಖಾಲಿ ಪೆಟ್ಟಿಗೆ.

"ದೋನ್ಯಾ ಎದೆಲ್ಮಿರಾ ಇದಾರಾ?"

"ಇದಾರೆ," ಅಂದೆ. "ಒಳಗಿದಾರೆ." ಡಬ್ಬದೊಳಗೆ ಅಂತ ಹೇಳಲಿಲ್ಲ.

ತೋಳ ತುಂಬ ಹಳೇ ಹುಲ್ಲು ತಬ್ಬಿ, ತಲೆಯ ಮೇಲೆ ಈರುಳ್ಳಿ ಸಿಪ್ಪೆ ಹೊತ್ತು ಎದೆಲ್ಮಿರಾ ನಮ್ಮೆಲ್ಲರನ್ನೂ ದಾಟಿ ವರಾಂಡಕ್ಕೆ ಹೋದಳು. ಟೀ ಪುಡಿ, ಸಿಪ್ಪೆ ಹತ್ತಿದ್ದನ್ನು ಒಂದೊಂದು ಎಳೆಯಾಗಿ ಆರಿಸಿ ಬಿಸಾಡಿ, ಉಳಿದದ್ದನ್ನು ಗೂಡಿನೊಳಗೆ ತುಂಬಿದಳು. ಸರಳುಗಳ ಮೇಲೂ ಉಜ್ಜಿದಳು, ಜೀವನಪೂರ್ತಿ ಮಾಡಿದ ಕೆಲಸವನ್ನು ತಿರುಗಾಮುರುಗಾ ಮಾಡುವವಳಂತೆ. ಆಮೇಲೆ ಸ್ಟೂಲಿನ ಮೇಲೆ ಕೂತಳು. "ಯಾರೂ ಮಾತಾಡ್ಬೇಡಿ."

ಮರ್ರಾಕೆ ಸೊಪಾಯ್ಪಳನ್ನು ತಳ್ಳಿದಳು. ಇನ್ನೊಮ್ಮೆ ತಳ್ಳಿದಳು. ಆಯುಯಾ ಗೂಡಿಗೆ ಮೂಗು ತೂರಿಸಿ, ಒಂದು ಬಾಯಿ ಹುಲ್ಲು ಕಚ್ಚಿ, ಒಳಗೆ ಹೋದಳು. ಮರ್ರಾಕೆ ಇಳಿದು ಮೂಸಿದಳು, ಹಿಂಬಾಲಿಸಿದಳು. ಸೊಪಾಯ್ಪ ಮೂಲೆಯಲ್ಲೇ ಕೂತಳು. ನನ್ನ ಕೈಯಲ್ಲಿದ್ದ ರೊಟ್ಟಿ ಆರುತ್ತಿತ್ತು. ಕೊನೆಗೆ ಅವಳೂ ಸರಳು ಸವರಿಕೊಂಡು ಬಂದು, ಗೂಡಿನ ಬಾಗಿಲಲ್ಲಿ ನಿಂತು, ಒಳಗೆ ತೂರಿದಳು. ಗೂಡು ಅಲ್ಲಾಡಿತು. ಆಮೇಲೆ ಒಳಗಿಂದ ಆ ಹಕ್ಕಿಯ ಉಲಿ.

ಪಾಸ್ಕಾಲಾ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿ ನೆಲಕ್ಕಿಟ್ಟಳು. "ಇನ್ನು ಇದು ಬೇಡ," ಅಂದಳು. "ಹಳೇ ಹುಲ್ಲು ಹಾಗೇ ಬಿಡಿ ಅಂತ ನಾನು ಅವತ್ತೇ ಹೇಳಿದ್ದೆ ಅಂದ್ಕೊಂಡಿದ್ದೆ…"

"ಹೇಳಿದ್ರಿ ಮಗಳೇ. ನೀವು ಮರ್ಯಾದೆಗೆ ಹೇಳ್ತಿದೀರಿ ಅಂದ್ಕೊಂಡೆ ನಾನು."

ಒತಿಲಿಯಾ ಅಷ್ಟು ಹೊತ್ತು ಮಾತಿಲ್ಲದೆ ನಿಂತದ್ದು ಅವಳ ಪಾಲಿಗೆ ದಾಖಲೆ. ಈಗ ಮೆಲ್ಲಗೆ ಬಂದು ತಂಗಿಯ ಕೂದಲಿನ ಸಿಪ್ಪೆ ತೆಗೆದಳು. "ನಾನೇನು ಕಂಡೆ? ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಕೇಳ್ತಿದ್ಯಾ?"

"ಇಲ್ಲ," ಅಂದಳು ಒತಿಲಿಯಾ.

ಎದೆಲ್ಮಿರಾ ಕೈ ತೊಳೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಟ್ಟಲುಗಳನ್ನಿಟ್ಟಳು. ಪಾಸ್ಕಾಲಾ ಕುರ್ಚಿ ಎಳೆದುಕೊಳ್ಳುತ್ತ, "ನಂಗೋಸ್ಕರ ತೊಂದರೆ ತಗೋಬೇಡಿ, ಟೀ ಬೇಡ," ಅಂದಳು.

ಕೆಟಲು ಹಿಡಿದ ಎದೆಲ್ಮಿರಾ ಒಲೆಯ ಮುಂದೆ ನಿಂತುಬಿಟ್ಟಳು. "ಒಂದು ನಿಮಿಷ ಮಗಳೇ. ಸರಿಯಾಗಿ ಹೇಳಿ. ಇದು ಹುಲ್ಲಿನ ಬೇಡಾನೋ, ಟೀಯ ಬೇಡಾನೋ?"

"ಟೀಯ ಬೇಡಾನೇ," ಅಂದಳು ಪಾಸ್ಕಾಲಾ, ರೊಟ್ಟಿಗೆ ಕೈ ಹಾಕುತ್ತ.

ಎದೆಲ್ಮಿರಾ ಒಲೆ ಹಚ್ಚಿದಳು.